ತಕ್ಕಡಿಯಕ್ಕನ ಕಪ್ಪು ಚಹಾ

ಅವಳು ಮೊದಲ ಸಲ ಅಂಗಡಿಯ ಮೆಟ್ಟಿಲು ಹತ್ತಿದ್ದು ಹದಿನಾಲ್ಕು ವರ್ಷಗಳ ಹಿಂದೆ, ಒಂದು ಬುಧವಾರ, ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ. ಅಂಗಡಿ ಎಂದರೆ ಬಿಡಿ ಚಹಾ ಎಲೆ ಮಾರುವ ಅಂಗಡಿ. ಎರಡು ದೊಡ್ಡ ಕಟ್ಟಡಗಳ ನಡುವೆ ಸಿಕ್ಕಿಕೊಂಡಂತಿದ್ದ ಉದ್ದನೆಯ ಕೋಣೆ. ಗೋಡೆಗೆ ಒತ್ತಿ ತಗಡಿನ ಡಬ್ಬಗಳ ಸಾಲು, ಮುಂದೆ ಮರದ ಮೇಜು, ಮೇಜಿನ ಮೇಲೆ ಹಿತ್ತಾಳೆಯ ತಕ್ಕಡಿ, ಹಿಂಬದಿಯಲ್ಲಿ ಗಿರಾಕಿಗಳಿಗೆ ರುಚಿ ತೋರಿಸಲು ಒಂದು ಒಲೆ. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಇಪ್ಪತ್ತೇಳರ ಮಗ ಅಪ್ಪನ ಕುರ್ಚಿಯಲ್ಲಿ ಕೂತು, ಅಪ್ಪನ ಹಾಗೆಯೇ ಗಂಟಲು ಸರಿಮಾಡಿಕೊಂಡು ಗಿರಾಕಿಗಳ ಹತ್ತಿರ ಮಾತನಾಡುವುದನ್ನು ಕಲಿಯುತ್ತಿದ್ದ.

ಆ ಹೊತ್ತಿನಲ್ಲಿ ಅವನು ಒಬ್ಬ ಹೆಂಗಸಿಗೆ ನೂರು ಗ್ರಾಂ ಎಲೆ ತೂಗುತ್ತಿದ್ದ. ಬಾಗಿಲಲ್ಲಿ ಬಂದು ನಿಂತವಳಿಗೆ ನಲವತ್ತೇಳು ವಯಸ್ಸಿದ್ದೀತು. ಮೊಣಕಾಲು ಮುಟ್ಟುವ ಬೂದು ಬಣ್ಣದ ಕೋಟು, ಅದಕ್ಕೆ ಆರು ಜೇಬು. ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳಿನಷ್ಟು ತಗ್ಗಿತ್ತು. ಆ ಭುಜದಿಂದ ಇಳಿಬಿದ್ದಿದ್ದ ಮರದ ಪೆಟ್ಟಿಗೆಯೇ ಅದಕ್ಕೆ ಕಾರಣವೆಂದು ಅವನಿಗೆ ತಿಳಿದದ್ದು ಆಮೇಲೆ.

"ಮೊದಲು ಫ್ಯಾನ್ ಆರಿಸು," ಎಂದಳು.

"ಸೆಖೆ ಅಲ್ವಾಮ್ಮ?"

"ಸೆಖೆ ಇರಲಿ. ನೀನು ತೂಗ್ತಿರೋದು ಎಲೆನಾ, ಗಾಳಿನಾ?"

ಎಲೆ ಕೊಳ್ಳಲು ಬಂದಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅವನಿಗೆ ಮೈ ಉರಿಯಿತು. ಆದರೂ ಏಕೋ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತೆರೆದು, ಚಿಮಟದಲ್ಲಿ ಎರಡು ಹಿತ್ತಾಳೆಯ ತೂಕದ ಬಟ್ಟುಗಳನ್ನು ಎತ್ತಿದಳು. ಎರಡೂ ಒಂದೇ ತೂಕದವು. ತಕ್ಕಡಿಯ ತಟ್ಟೆಗೆ ಒಂದೊಂದು ಇಟ್ಟಳು. ಎಡಗಡೆಯ ತಟ್ಟೆ ಇಳಿಯಿತು. ಬಟ್ಟುಗಳನ್ನು ಅದಲುಬದಲು ಮಾಡಿದಳು. ಆಗಲೂ ಎಡಗಡೆಯದೇ ಇಳಿಯಿತು.

"ನೋಡಿದೆಯಾ? ಬಟ್ಟಿನಲ್ಲಿ ದೋಷ ಇದ್ದಿದ್ರೆ ಅದು ಬಟ್ಟಿನ ಜೊತೆ ಆ ಕಡೆ ಹೋಗಬೇಕಿತ್ತು. ಹೋಗಲಿಲ್ಲ. ಅಂದ್ರೆ ದೋಷ ತಕ್ಕಡಿದು. ಎರಡು ಗ್ರಾಂ ಸುಳ್ಳು ಹೇಳ್ತಿದೆ."

ಗಿರಾಕಿ ಹೆಂಗಸಿನ ನಗು ನಿಂತಿತು. ಅವಳು ಅವನನ್ನು ದುರುಗುಟ್ಟಿ ನೋಡಿದಳು.

"ನೀವು ಹೆದರಬೇಡಿ ಅಮ್ಮ," ಎಂದಳು ಪೆಟ್ಟಿಗೆಯವಳು. "ಈ ಪುಣ್ಯಾತ್ಮ ಬಟ್ಟು ಇಡೋದು ಎಡಗಡೆ, ಎಲೆ ಹಾಕೋದು ಬಲಗಡೆ. ಇಷ್ಟು ದಿನ ತನಗೆ ತಾನೇ ಮೋಸ ಮಾಡ್ಕೊಂಡು ಕೂತಿದಾನೆ."

ಗಿರಾಕಿ ತನ್ನ ಪೊಟ್ಟಣವನ್ನು ಬಾಚಿಕೊಂಡು, ಎಲ್ಲಿ ವಾಪಸ್ ಕೇಳಿಬಿಡುತ್ತಾನೋ ಎನ್ನುವಂತೆ ದಡದಡ ಮೆಟ್ಟಿಲಿಳಿದು ಹೋದಳು.

ಅರ್ಧ ಗಂಟೆಯಲ್ಲಿ ತಕ್ಕಡಿ ಸರಿಯಾಯಿತು. ಸಿಟ್ಟು ಇಳಿದು ಅವನಿಗೆ ನಾಚಿಕೆಯಾಗಿತ್ತು. ಚಹಾ ಮಾಡಲು ಎದ್ದ. ಹಾಲಿನ ಪಾತ್ರೆಗೆ ಕೈ ಹಾಕುವುದರೊಳಗೆ ಹಿಂದಿನಿಂದ ದನಿ ಬಂತು: "ಹಾಲು ಯಾರಿಗೆ? ನನಗೆ ಕಪ್ಪು ಟೀ. ಸಕ್ಕರೆನೂ ಬೇಡ."

ಅಪ್ಪನ ಕಂದು ಪಿಂಗಾಣಿ ಕೆಟಲ್‌ನಲ್ಲಿ ಅವನು ಅಂಗಡಿಯ ಅತ್ಯುತ್ತಮ ಎಲೆ ಹಾಕಿ, ಕುದಿನೀರು ಸುರಿದು, ಮುಚ್ಚಳ ಮುಚ್ಚಿ, ಅಪ್ಪ ಮಾಡುತ್ತಿದ್ದಂತೆ ಗಡಿಯಾರ ನೋಡುತ್ತ ನಿಂತ. ಅವಳು ಮೂರು ಗುಟುಕು ಕುಡಿದಳು. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಟೀ, ಎಲೆಯಪ್ಪಾ," ಎಂದಳು.

ಅಂದಿನಿಂದ ಆ ಬೀದಿಗೆಲ್ಲ ಅವನು ಎಲೆಯಪ್ಪನಾದ. ಅವಳಂತೂ ಮೊದಲಿನಿಂದಲೂ ಎಲ್ಲರಿಗೂ ತಕ್ಕಡಿಯಕ್ಕ.

ತಕ್ಕಡಿ ರಿಪೇರಿ ಅವಳ ಕಸುಬು; ವರ್ಷಕ್ಕೆ ಎರಡು ಸಲ ಅಂಗಡಿಗೆ ಬರಬೇಕಾದವಳು ವಾರಕ್ಕೊಮ್ಮೆ ಬರತೊಡಗಿದಳು. ಔಷಧಿ ಅಂಗಡಿ, ಬೀಜದ ಅಂಗಡಿ, ಚಿನ್ನದ ಅಂಗಡಿ, ಕಾಲೇಜಿನ ಪ್ರಯೋಗಾಲಯ, ಹೀಗೆ ಅವಳ ದಾರಿ ಎಲ್ಲಿಂದ ಎಲ್ಲಿಗಿದ್ದರೂ ನಡುವೆ ಎಲೆಯಪ್ಪನ ಸ್ಟೂಲು ಸಿಗುತ್ತಿತ್ತು. ಅಲ್ಲಿ ಕೂತು ಒಂದು ಲೋಟ ಕಪ್ಪು ಚಹಾ ಕುಡಿಯುತ್ತ ಅವಳು ಹೇಳಿದ ಮಾತುಗಳನ್ನೆಲ್ಲ ಒಟ್ಟು ಸೇರಿಸಿಕೊಂಡೇ ಎಲೆಯಪ್ಪನಿಗೆ ಅವಳ ಬದುಕು ಗೊತ್ತಾದದ್ದು.

ಅವಳ ಅಪ್ಪನೂ ತಕ್ಕಡಿ ರಿಪೇರಿಯವನೇ. ಅವನ ಕಾರ್ಖಾನೆಯಲ್ಲಿ ನಾಲ್ವರು ಕೆಲಸಗಾರರಿದ್ದರು, ಒಂದು ಕಟ್ಟುನಿಟ್ಟೂ ಇತ್ತು. ತಕ್ಕಡಿಗಳಿರುವ ಒಳಕೋಣೆಗೆ ಹಾಲು ಸಕ್ಕರೆ ಹಾಕಿದ ಚಹಾ ಬರಕೂಡದು. ಸಕ್ಕರೆ ಪಾಕದ ಒಂದು ಹನಿ ಬೆರಳಿಗೆ ಅಂಟಿ, ಬೆರಳಿಂದ ತಟ್ಟೆಗೆ ಅಂಟಿದರೆ ಮುಗಿಯಿತು, ತೂಕ ಕೆಟ್ಟಿತು. ಆದ್ದರಿಂದ ಒಳಗೆ ಬರೀ ಕಪ್ಪು ಚಹಾ. ಕೆಲಸ ಕಲಿಯುವವರಿಗೆ ಹೊಸಿಲಿನ ಹೊರಗೆ ಹಾಲು ಹಾಕಿದ ಚಹಾ. ಯಾರ ಕೈಯ ತಕ್ಕಡಿ ಸರ್ಕಾರದ ಮುದ್ರೆ ಪಡೆಯುತ್ತದೋ ಅವರು ಮರುದಿನದಿಂದ ಒಳಗೆ ಕೂತು ಕಪ್ಪು ಚಹಾ ಕುಡಿಯಬಹುದು. ಬರಬರುತ್ತ ಅದು ಎಚ್ಚರಿಕೆಯ ಮಾತಾಗಿ ಉಳಿಯಲಿಲ್ಲ, ಪದವಿಯೇ ಆಗಿಬಿಟ್ಟಿತ್ತು.

"ನನಗೆ ಹತ್ತೊಂಬತ್ತು ವರ್ಷ. ನನ್ನ ಕೈ ತಕ್ಕಡಿಗೆ ಮುದ್ರೆ ಬಿತ್ತು. ಮರುದಿನ ಬೆಳಿಗ್ಗೆ ನೋಡ್ತೀನಿ, ಹೊಸಿಲ ಹೊರಗೆ ಮತ್ತೆ ಹಾಲಿನ ಟೀ ಇಟ್ಟಿದಾರೆ," ಎಂದು ಅವಳು ಹೇಳುವಾಗ ನಲವತ್ತು ವರ್ಷದ ಹಿಂದಿನ ಸಿಟ್ಟು ಅವಳ ಮೂಗಿನ ಹೊಳ್ಳೆಯಲ್ಲಿ ಇನ್ನೂ ಕಾಣುತ್ತಿತ್ತು. "ಲೋಟ ಅಲ್ಲೇ ಬಿಟ್ಟು ಒಳಗೆ ಹೋದೆ. ನಾನೇ ಕಪ್ಪು ಟೀ ಬಗ್ಗಿಸಿಕೊಂಡೆ. ಹಿರಿಯ ಕೆಲಸಗಾರ ಒಬ್ಬ ಇದ್ದ. 'ಹೆಣ್ಣುಮಗಳಿಗೆ ಯಾಕಮ್ಮ ಈ ಕಹಿ' ಅಂದ. 'ಕಹಿ ನಿಮಗ್ಯಾಕೋ ನನಗೂ ಅದಕ್ಕೇ' ಅಂದೆ."

"ನಿಮ್ಮಪ್ಪ ಏನಂದ್ರು ಅಕ್ಕಾ?"

"ಬಾಯಲ್ಲಿ ಏನೂ ಅನ್ನಲಿಲ್ಲ. ಕಾಲಲ್ಲಿ ಒಂದು ಸ್ಟೂಲು ನನ್ನ ಕಡೆ ತಳ್ಳಿದ."

ಆಮೇಲೆ ಅಪ್ಪ ಹೋದ, ಕೆಲಸಗಾರರು ಚದುರಿದರು, ಪೆಟ್ಟಿಗೆ ಅವಳ ಭುಜಕ್ಕೆ ಬಂತು. ಹೆಂಗಸು ಇಪ್ಪತ್ತು ಕಿಲೋ ಬಟ್ಟುಗಳನ್ನು ಹೊರುತ್ತಾಳಾ ಎಂದವರ ಅಂಗಡಿಗೆ ಇಪ್ಪತ್ತು ಕಿಲೋ ಹೊತ್ತುಕೊಂಡೇ ಹೋದಳು. ನೋಡಲು ಬಂದ ಗಂಡು ಪೆಟ್ಟಿಗೆ ಬಿಟ್ಟು ಬಾ ಎಂದ. ಅವಳು ಅವನನ್ನೇ ಬಿಟ್ಟಳು. ತಮ್ಮನನ್ನು ಓದಿಸಿದಳು. ಅವನು ಮೇಷ್ಟ್ರಾದ. ಈಗ ಅವಳು ಇರುವುದು ಆ ಮೇಷ್ಟ್ರು ತಮ್ಮನ ಮನೆಯಲ್ಲೇ, ಮಹಡಿಯ ಕೋಣೆಯಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದು, ಇನ್ನು ನಿನ್ನ ಕಾಲ ಮುಗಿಯಿತು ಎಂದು ಎಲ್ಲರೂ ಹೇಳಿದಾಗ ಐವತ್ತರ ವಯಸ್ಸಿನಲ್ಲಿ ಅದನ್ನೂ ಕಲಿತಳು. "ಕರೆಂಟಿನ ತಕ್ಕಡಿ ಏನು ದೇವರಾ? ಅದನ್ನೂ ಬಟ್ಟು ಇಟ್ಟೇ ಪರೀಕ್ಷೆ ಮಾಡಬೇಕು. ಬಟ್ಟು ಯಾರ ಹತ್ರ ಇದೆ? ನನ್ನ ಹತ್ರ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಎಂದು ಬೀದಿಯಲ್ಲಿ ಆಡಿಕೊಳ್ಳುತ್ತಿದ್ದರು. ಎಲೆಯಪ್ಪನೂ ಹಾಗೆಂದಿದ್ದ. ಆದರೆ ಆಕೆ ಮೊಲವನ್ನು ತಂದು ಮೇಜಿನ ಮೇಲಿಟ್ಟು ಕಾಲು ಎಣಿಸಿ ತೋರಿಸಿದ ಮೇಲೆ ಸುಮ್ಮನಾಗಬೇಕಾಗುತ್ತಿತ್ತು. ಎಷ್ಟೋ ಸಲ ಮೂರೇ ಇರುತ್ತಿದ್ದವು.

ಅವಳಿಗೆ ಐವತ್ತೊಂಬತ್ತು ತುಂಬಿ ಅರವತ್ತು ನಡೆಯುತ್ತಿದ್ದಾಗ ಆ ದಿನ ಬಂತು. ಎಲೆಯಪ್ಪನ ಕಣ್ಣೆದುರೇ ನಡೆದದ್ದು. ಮಿಲಿಗ್ರಾಂ ಬಟ್ಟು ಎಂದರೆ ಬೆರಳಿನ ಉಗುರಿಗಿಂತ ಚಿಕ್ಕದಾದ ತೆಳು ತಗಡು, ಚಿಮಟದಲ್ಲಿ ಹಿಡಿಯಲೆಂದು ಒಂದು ಮೂಲೆ ಮೇಲಕ್ಕೆ ಬಾಗಿರುತ್ತದೆ. ಅವಳು ಅದನ್ನು ಎತ್ತಿದಳು. ಚಿಮಟದ ತುದಿ ನಡುಗಿತು. ತಗಡು ಹಾರಿ ನೆಲದ ಮೇಲೆಲ್ಲೋ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದರು. ಸಿಕ್ಕಮೇಲೂ ಅವಳು ತುಸು ಹೊತ್ತು ನೆಲದ ಮೇಲೇ ಕೂತಿದ್ದಳು.

"ಎದೆನೂ ಹೀಗೇ ಕುಣೀತಿದೆ ಕಣೋ, ಎರಡು ತಿಂಗಳಿಂದ," ಎಂದಳು.

ಡಾಕ್ಟರು ಎದೆಗೆ ತಂತಿಗಳನ್ನು ಅಂಟಿಸಿ ನೋಡಿ, ಬಡಿತ ತಾಳ ತಪ್ಪುತ್ತಿದೆ ಎಂದರು. ಮಾತ್ರೆ ಬರೆದರು. ಕೆಫೀನ್ ಇರುವ ಯಾವುದನ್ನೂ ಮುಟ್ಟಬೇಡಿ, ಚಹಾ ಬಿಟ್ಟುಬಿಡಿ ಎಂದರು.

"ಬಿಡಿ ಅಂತೀರಿ ಡಾಕ್ಟ್ರೇ, ಹಿಡ್ಕೊಳ್ಳೋದಕ್ಕೆ ಏನು ಕೊಡ್ತೀರಿ?" ಎಂದು ಇವಳು ಕೇಳಿದಳಂತೆ.

"ಬಿಸಿನೀರು ಕುಡೀರಿ," ಎಂದರಂತೆ ಡಾಕ್ಟರು.

ಅವಳು ಎರಡು ವಾರ ಬಿಸಿನೀರನ್ನೇ ಕುಡಿದಳು. ತಲೆನೋವು ಮೂರನೆಯ ದಿನಕ್ಕೆ ಬಂದು ಒಂಬತ್ತನೆಯ ದಿನಕ್ಕೆ ಹೋಯಿತು. ಕೈ ನಡುಕ ನಿಜಕ್ಕೂ ಇಳಿಯಿತು. ಅದನ್ನು ಅವಳು ಒಪ್ಪಿಕೊಂಡಳು. ಒಪ್ಪಿಕೊಳ್ಳಲಾಗದಿದ್ದದ್ದು ಬೇರೆ. ಔಷಧಿ ಅಂಗಡಿಯಲ್ಲಿ, ಚಿನ್ನದ ಅಂಗಡಿಯಲ್ಲಿ, ಎಲ್ಲರ ಕೈಯಲ್ಲೂ ಚಹಾ ಲೋಟ ಇದ್ದಾಗ ಇವಳ ಕೈಯಲ್ಲಿ ಬಿಸಿನೀರು. "ಪಾಪ, ಹುಷಾರಿಲ್ವಂತೆ," ಎಂದು ಯಾರೋ ಅಂದರು. ಮರುವಾರ ಇನ್ನೊಬ್ಬರು ಕುರ್ಚಿ ಕೊಟ್ಟು, "ಪೆಟ್ಟಿಗೆ ನಾವೇ ಇಳಿಸ್ತೀವಿ ಬಿಡಿ," ಎಂದರು. ಮೂರನೆಯವರು ಈ ಸಲ ತಕ್ಕಡಿ ಬೇರೆಯವರಿಗೆ ತೋರಿಸಿದ್ದೇವೆ ಎಂದರು.

ಇದರ ಮೇಲೆ ತೂಕ-ಅಳತೆ ಇಲಾಖೆಯಿಂದ ಕಾಗದವೂ ಬಂತು. ಅರವತ್ತು ತುಂಬಿದ ರಿಪೇರಿಯವರು ಲೈಸೆನ್ಸ್ ಮುಂದುವರಿಸಬೇಕಾದರೆ ಅಧಿಕಾರಿಯ ಎದುರು ಸೂಕ್ಷ್ಮ ತಕ್ಕಡಿಯೊಂದನ್ನು ಸರಿಮಾಡಿ ತೋರಿಸಬೇಕು. ಅವಳ ಸರದಿಗೆ ಮೂರು ತಿಂಗಳಿತ್ತು.

ಅವಳು ಎಲೆಯಪ್ಪನ ಎದುರು ಬಂದು ಕೂತಳು. "ಕೆಫೀನ್ ತೆಗೆದ ಕಪ್ಪು ಟೀ ಅಂತ ಒಂದು ಇದೆಯಂತಲ್ಲ. ತರಿಸು."

ಎಲೆಯಪ್ಪ ಮುಖ ಹಿಂಡಿದ. "ಅದು ಟೀ ಅಲ್ಲಕ್ಕಾ. ಟೀಯ ಹೆಣ."

"ಹೆಣಾನೋ ಜೀವಾನೋ, ಕುಡಿಯೋಳು ನಾನು. ತರಿಸು."

"ಹಾಲಿಗೆ ಏನಾದ್ರೂ ಪುಡಿ ಹಾಕ್ಕೊಂಡು ಕುಡೀಬಹುದಲ್ಲ? ಮಕ್ಕಳಿಗೆ ಕೊಡ್ತಾರಲ್ಲ, ಅಂಥದ್ದು..."

ಅವಳು ನೋಡಿದ ನೋಟಕ್ಕೆ ಅವನು ಮಾತು ನುಂಗಿಕೊಂಡ. "ಹೊಸಿಲ ಹೊರಗೆ ಕೂರಿಸ್ತೀಯಾ ನನ್ನ?" ಎಂದಳು. "ಹತ್ತೊಂಬತ್ತಕ್ಕೇ ಒಳಗೆ ಬಂದೋಳು ನಾನು. ಅರವತ್ತಕ್ಕೆ ಹೊರಗೆ ಹೋಗಲ್ಲ. ಟೀನೂ ಬಿಡಲ್ಲ, ಪೆಟ್ಟಿಗೆನೂ ಬಿಡಲ್ಲ. ಎರಡೂ ಬೇಕು ನನಗೆ."

ಎಲೆಯಪ್ಪ ಅಲ್ಲಿ ಇಲ್ಲಿ ಬರೆದು ಕೇಳಿದ. ಒಂದೊಂದಾಗಿ ಪೊಟ್ಟಣಗಳು ಬಂದವು. ಅವಳು ಪ್ರತಿ ಶುಕ್ರವಾರ ಮಧ್ಯಾಹ್ನ ಬಂದು ಕೂರುತ್ತಿದ್ದಳು. ಮೊದಲನೆಯದನ್ನು ಕುಡಿದು, "ಹುಲ್ಲು ತೊಳೆದ ನೀರು," ಎಂದಳು. ಎರಡನೆಯದಕ್ಕೆ ರಟ್ಟಿನ ಪೆಟ್ಟಿಗೆಯ ವಾಸನೆ. ಮೂರನೆಯದಕ್ಕೆ ಯಾವುದೋ ಹೂವಿನ ಎಣ್ಣೆ ಬೆರೆಸಿದ್ದರು. "ಟೀ ಕೇಳಿದ್ರೆ ಸ್ನಾನಕ್ಕೆ ಸೋಪು ಕೊಟ್ಯಲ್ಲೋ!" ನಾಲ್ಕನೆಯದು ಬಣ್ಣವೇನೋ ಬಿಟ್ಟಿತು, ರುಚಿ ಬಿಡಲಿಲ್ಲ. ಐದನೆಯದು ಚಹಾವೇ ಅಲ್ಲ, ಹುರಿದ ಬೇರಿನ ಪುಡಿ. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದ ಮೇಲೆ ಗೊತ್ತಾಯಿತು. ಪ್ರತಿ ಸಲವೂ ಎಲೆಯಪ್ಪ, "ನಾನು ಮೊದಲೇ ಹೇಳಲಿಲ್ವಾ?" ಎನ್ನುತ್ತಿದ್ದ. ಅವನ ದನಿಯಲ್ಲಿ ಬೇಸರಕ್ಕಿಂತ ಗೆಲುವೇ ಹೆಚ್ಚಾಗಿರುತ್ತಿತ್ತು.

ಅಷ್ಟರಲ್ಲಿ ಒಂದು ಶನಿವಾರ ಅವಳ ತಮ್ಮ, ಮೇಷ್ಟ್ರು, ಅಂಗಡಿಗೆ ಬಂದರು. ತೆಳ್ಳಗಿನ ಮನುಷ್ಯ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ. ಎಲೆ ಕೊಳ್ಳುವ ನೆವ ಮಾಡಿ ಹತ್ತು ನಿಮಿಷ ನಿಂತು, ಕೊನೆಗೆ ಹೇಳಿದರು.

"ಅಕ್ಕ ನಿಮ್ಮ ಮಾತು ಕೇಳ್ತಾಳೆ. ಅಂಥ ಟೀ ಎಲ್ಲೂ ಸಿಗಲ್ಲ ಅಂದುಬಿಡಿ. ಅಷ್ಟು ಸಾಕು. ಟೀ ಹೋಯ್ತು ಅಂದ್ರೆ ಪೆಟ್ಟಿಗೆ ಆಸೆನೂ ಬಿಡ್ತಾಳೆ."

"ಅವರು ಬಿಡೋ ಪೈಕಿನಾ ಮೇಷ್ಟ್ರೇ?"

"ದಾರಿಯಲ್ಲಿ ಎಲ್ಲಾದ್ರೂ ಬಿದ್ರೆ? ಆ ಪೆಟ್ಟಿಗೆ ಸಮೇತ?" ಮೇಷ್ಟ್ರು ಮತ್ತೆ ಕನ್ನಡಕ ತೆಗೆದರು. "ನಾನು ಓದಿದ್ದು ಅವಳ ಭುಜದ ಮೇಲೆ. ಈಗ ಆ ಭುಜ ನೋಡಿದ್ರೆ ನನಗೆ ಊಟ ಸೇರಲ್ಲ."

ಎಲೆಯಪ್ಪ ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಹೂಂ ಎಂದ. ಆ ಹೂಂಗೆ ಎಷ್ಟು ತೂಕವಿತ್ತು ಎಂಬುದು ಅವನಿಗೇ ಆಗ ಸರಿಯಾಗಿ ಗೊತ್ತಿರಲಿಲ್ಲ.

ಒಂಬತ್ತು ಪೊಟ್ಟಣಗಳು ಮುಗಿದವು. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಆ ಶುಕ್ರವಾರ ತಕ್ಕಡಿಯಕ್ಕ ಬಂದಾಗ ಅವಳ ಮುಖ ಬಾಡಿತ್ತು. ಯಾವ ಮಾತಿಗೂ ಎದುರಾಡಲಿಲ್ಲ. ಅದು ಎಲೆಯಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನು ತನಗೆ ತನ್ನ ಎಲೆಯ ಚಹಾ, ಅವಳಿಗೆ ನಾಲ್ಕನೆಯ ಪೊಟ್ಟಣದಲ್ಲಿ ಉಳಿದಿದ್ದ ಎಲೆಯ ಚಹಾ ಮಾಡತೊಡಗಿದ. ಅವಳು ಸ್ಟೂಲಿನ ಮೇಲೆ ಕೂತು ಸುಮ್ಮನೆ ಅವನ ಕೈಗಳನ್ನೇ ನೋಡುತ್ತಿದ್ದಳು. ನಲವತ್ತು ವರ್ಷ ಬೇರೆಯವರ ಕೈ ತೂಗುವುದನ್ನೇ ನೋಡಿದ ಕಣ್ಣು ಅವು.

"ಅದಕ್ಕೆ ಮುಚ್ಚಳ ಯಾಕೆ ಹಾಕಲಿಲ್ಲ?" ಎಂದಳು.

"ಯಾವುದಕ್ಕೆ?"

"ನನ್ನದಕ್ಕೆ."

"ಇದು ಸ್ಟೀಲ್ ಪಾತ್ರೆ ಅಲ್ವಾ ಅಕ್ಕಾ, ಇದಕ್ಕೆ ಮುಚ್ಚಳ ಇಲ್ಲ."

"ಕೆಟಲ್‌ಗೆ ಇದೆಯಲ್ಲ."

"ಕೆಟಲ್‌ಗೆ ಇದನ್ನ ಹಾಕಲ್ಲಕ್ಕಾ," ಎಂದ ಎಲೆಯಪ್ಪ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎನ್ನುವಂತೆ. "ಅಪ್ಪ ಅದಕ್ಕೆ ಸೋಪು ಕೂಡ ಮುಟ್ಟಿಸಿದವರಲ್ಲ. ನಲವತ್ತು ವರ್ಷದ ಎಲೆ ರಸ ಅದರ ಒಳಗೆ ಕೂತಿದೆ. ಅದರಲ್ಲಿ ಈ ಸತ್ತ ಎಲೆ ಹಾಕೋದಾ?"

"ಚಮಚ?"

"ಏನು ಚಮಚ?"

"ನಿನ್ನದಕ್ಕೆ ಗೋಪುರ ಮಾಡಿ ಹಾಕಿದೆ. ನನ್ನದಕ್ಕೆ ಅಂಚು ಸವರಿ ಹಾಕಿದೆ. ನಿನ್ನದಕ್ಕೆ ಒಲೆ ಮೇಲಿನ ಕುದಿನೀರು. ನನ್ನದಕ್ಕೆ ಫ್ಲಾಸ್ಕಿನ ನೀರು. ನಿನ್ನದಕ್ಕೆ ಗಡಿಯಾರ ನೋಡ್ತಿದೀಯ. ನನ್ನದನ್ನ ಆಗಲೇ ಸೋಸೋಕೆ ತೆಗೆದಿದೀಯ." ಅವಳು ಎದ್ದು ನಿಂತಳು. ಬಾಡಿದ್ದ ಮುಖಕ್ಕೆ ಬಣ್ಣ ಬಂದಿತ್ತು. "ಎಲೆಯಪ್ಪಾ, ಫ್ಯಾನ್ ಆರಿಸು."

"ಟೀಗೆ ಫ್ಯಾನ್ ಯಾಕಕ್ಕಾ?"

"ತೂಗೋದಿದೆ. ಆರಿಸು ಅಂದೆ. ತಟ್ಟೆ ಬದಲಿಸು ಈಗ. ನನ್ನ ಎಲೆ ಕೆಟಲ್‌ಗೆ. ನಿನ್ನ ಆ ರಾಜಕುಮಾರ ಎಲೆ ಸ್ಟೀಲ್ ಪಾತ್ರೆಗೆ. ನೀರು, ಚಮಚ, ಮುಚ್ಚಳ, ಹೊತ್ತು, ಎಲ್ಲಾ ಅದಲುಬದಲು. ನಾನು ಗೋಡೆ ನೋಡ್ತಾ ಕೂರ್ತೀನಿ. ಯಾವ ಲೋಟ ಯಾವುದು ಅಂತ ಹೇಳಬೇಡ."

ಎಲೆಯಪ್ಪನ ಕೈ ಕೆಟಲ್‌ನ ಹತ್ತಿರ ಹೋಗಿ ಹಿಂದಕ್ಕೆ ಬಂತು. ಅಪ್ಪ ಎದುರಿಗೇ ನಿಂತು ಗಂಟಲು ಸರಿಮಾಡಿಕೊಂಡ ಹಾಗಾಯಿತು. ಅವಳು ಆಗಲೇ ಗೋಡೆಗೆ ಮುಖ ಮಾಡಿ, ತಗ್ಗಿದ ಎಡ ಭುಜ ಅವನ ಕಡೆ ಹಾಕಿ ಕೂತಿದ್ದಳು. ಆ ಭುಜ ನೋಡಿ ಅವನು ಹಾಕಿದ. ಸತ್ತ ಎಲೆಯನ್ನು ಗೋಪುರ ಮಾಡಿ ಅಪ್ಪನ ಕೆಟಲ್‌ಗೆ ಹಾಕಿದ.

ಎರಡು ಲೋಟ ಅವಳ ಮುಂದಿಟ್ಟ. ಅವಳು ಬಲಗಡೆಯದನ್ನು ಒಂದು ಗುಟುಕು ಕುಡಿದು ಕೆಳಗಿಟ್ಟಳು. ಎಡಗಡೆಯದನ್ನು ಒಂದು ಗುಟುಕು, ಮತ್ತೆ ಒಂದು ಗುಟುಕು, ಮತ್ತೂ ಒಂದು. ಲೋಟವನ್ನು ಬೆಳಕಿಗೆ ಹಿಡಿದಳು.

"ಇದು," ಎಂದಳು.

ಎಡಗಡೆಯದು ಕೆಟಲ್‌ನದು.

ಎಲೆಯಪ್ಪ ನಂಬಲಿಲ್ಲ. ಬಲಗಡೆಯ ಲೋಟ ಎತ್ತಿ ತಾನೇ ಕುಡಿದು ನೋಡಿದ. ಅವನ ಅಂಗಡಿಯ ಅತ್ಯುತ್ತಮ ಎಲೆ, ಮೇಲಿನ ಸಾಲಿನ ಮೊದಲ ಡಬ್ಬದ್ದು. ಸ್ಟೀಲ್ ಪಾತ್ರೆಯಲ್ಲಿ ಫ್ಲಾಸ್ಕಿನ ನೀರಲ್ಲಿ ಎರಡು ನಿಮಿಷ ನೆನೆದು ಅದು ಕಲಗಚ್ಚಿನ ಹಾಗಾಗಿತ್ತು. ಅವನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು.

"ದೋಷ ಎಲೆ ಜೊತೆ ಹೋಗಲಿಲ್ಲ," ಎಂದಳು ತಕ್ಕಡಿಯಕ್ಕ. "ತಟ್ಟೆಲೇ ಕೂತಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆಯಲ್ಲೋ ಇಷ್ಟು ದಿನ!"

ಎಲೆಯಪ್ಪ ತಲೆ ತಗ್ಗಿಸಿ, ಮೇಷ್ಟ್ರು ಬಂದಿದ್ದನ್ನೂ ತಾನು ಹೂಂ ಎಂದದ್ದನ್ನೂ ಹೇಳಿದ. ಹೇಳದೆ ಉಳಿದರೆ ಇನ್ನು ಆ ಸ್ಟೂಲಿನ ಕಡೆ ನೋಡಲಾಗದು ಎನಿಸಿತು.

ಅವಳು ಎಡಗಡೆಯ ಲೋಟವನ್ನು ಮೇಜಿನ ಮೇಲಿಟ್ಟಳು. "ಮೇಷ್ಟ್ರು ಕೇಳಿದ್ದು ಪ್ರೀತಿಗೆ," ಎಂದಳು. "ನೀನು ಯಾಕೆ ಹೂಂ ಅಂದೆ?"

"ಜಂಬ ಅಕ್ಕಾ. ಎಲೆ ಬಗ್ಗೆ. ಆ ಪೊಟ್ಟಣ ಗೆದ್ರೆ ನನ್ನ ಡಬ್ಬಗಳಿಗೆ ಅವಮಾನ ಅನ್ನಿಸ್ತು."

"ಬೇಕು ಅಂತ ಕೆಡಿಸಿದೆಯಾ?"

"ಬೇಕು ಅಂತ ಅಲ್ಲ. ಚೆನ್ನಾಗಿ ಮಾಡಬೇಕು ಅಂತಲೂ ಮಾಡಲಿಲ್ಲ."

"ಹಾಂ. ತಕ್ಕಡಿಗಳೂ ಹಾಗೇ ಕೆಡೋದು," ಎಂದು ಅವಳು ಎಡಗಡೆಯ ಲೋಟವನ್ನು ಪೂರ್ತಿ ಕುಡಿದು ಮುಗಿಸಿದಳು. "ನಾಳೆ ಎಂಟು ಗಂಟೆಗೆ ಬರ್ತೀನಿ. ಒಂಬತ್ತೂ ಮೊದಲಿಂದ."

ಮುಂದಿನ ಒಂದು ವಾರ ಎಲೆಯಪ್ಪ ತನ್ನ ಅಪ್ಪನಿಗೆ ಚಹಾ ಮಾಡುವವನಂತೆ ಮಾಡಿದ. ಪೊಟ್ಟಣಗಳ ದೋಷವೆಲ್ಲ ಬರೀ ಪಾತ್ರೆಯದೇ ಆಗಿರಲಿಲ್ಲ. ಹುಲ್ಲಿನದು ಕೆಟಲ್‌ನಲ್ಲೂ ಹುಲ್ಲೇ ಆಗಿತ್ತು, ಸೋಪಿನದು ಸೋಪೇ. ಏಳನ್ನು ಅವಳು ಮತ್ತೆ ತಳ್ಳಿಹಾಕಿದಳು. ಎಂಟನೆಯದು ಬಾಯಲ್ಲಿ ಚೆನ್ನಾಗಿತ್ತು, ಗಂಟಲಿಗೆ ಇಳಿಯುವಾಗ ಏನೂ ಇರಲಿಲ್ಲ. ಉಳಿದದ್ದು ಆ ನಾಲ್ಕನೆಯ ಪೊಟ್ಟಣ. ಚಿತ್ರವಿಲ್ಲದ ಬೂದು ಕಾಗದದ ಪೊಟ್ಟಣ, ಒಡೆದ ಸಣ್ಣ ಎಲೆ. ಅದಕ್ಕೆ ಒಂದೂವರೆ ಚಮಚ ಬೇಕು, ಕುದಿಯುತ್ತಿರುವ ನೀರೇ ಬೇಕು, ಮುಚ್ಚಳ ಮುಚ್ಚಿ ಏಳು ನಿಮಿಷ ಬಿಡಬೇಕು. ಎಲೆಯಪ್ಪನ ಎಲೆಯನ್ನು ಏಳು ನಿಮಿಷ ಬಿಟ್ಟರೆ ಬಾಯಿ ಕಟ್ಟುವಷ್ಟು ಕಹಿಯಾಗುತ್ತದೆ. ಇದು ಏಳು ನಿಮಿಷಕ್ಕೆ ಬಣ್ಣ ತುಂಬಿ, ಒಗರು ಹಿಡಿದು, ನಾಲಿಗೆಯ ಮೇಲೆ ನಿಲ್ಲುತ್ತಿತ್ತು.

"ಪೂರ್ತಿ ನಿಮ್ಮ ಹಳೇ ಟೀ ಥರಾನೇ ಇದೆಯಾ ಅಕ್ಕಾ? ನಿಜ ಹೇಳಿ."

"ಇಲ್ಲ. ಕೊನೇಲಿ ಒಂದು ಹೊಡೆತ ಬರ್ತಿತ್ತಲ್ಲ, ಅದು ಸ್ವಲ್ಪ ಕಮ್ಮಿ."

"ಎಷ್ಟು ಕಮ್ಮಿ?"

"ಅಂಗಡಿ ತಕ್ಕಡಿಗೆ ಇಲಾಖೆಯೋರು ಎಷ್ಟು ಹೆಚ್ಚುಕಮ್ಮಿ ಒಪ್ತಾರೋ ಅಷ್ಟು. ಮುದ್ರೆ ಹಾಕಬಹುದು."

ಅವಳು ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲೂ ಇಟ್ಟಳು. ಇದರಲ್ಲೂ ತೃಣದಷ್ಟು ಕೆಫೀನ್ ಉಳಿದಿರುತ್ತದೆ ಎಂದರು ಅವರು. "ತೃಣ ಅಂದ್ರೆ ಎಷ್ಟು? ತೂಕದಲ್ಲಿ ಹೇಳಿ," ಎಂದಳು. ಡಾಕ್ಟರು ನಕ್ಕು, ದಿನಕ್ಕೆ ಮೂರು ಲೋಟಕ್ಕೆ ಒಪ್ಪಿದರು.

ಇಲಾಖೆಯ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಮೇಷ್ಟ್ರು ರಜೆ ಹಾಕಿ ಅಕ್ಕನ ಜೊತೆ ಬಂದಿದ್ದರು. ಎಲೆಯಪ್ಪ ಅಂಗಡಿ ಮುಚ್ಚಿ, ಕೆಟಲ್‌ನಲ್ಲಿ ಮಾಡಿದ ಚಹಾವನ್ನು ಫ್ಲಾಸ್ಕಿಗೆ ತುಂಬಿಕೊಂಡು ಬಂದಿದ್ದ. ಮೆಟ್ಟಿಲ ಬುಡದಲ್ಲಿ ಮೇಷ್ಟ್ರು ಪೆಟ್ಟಿಗೆಗೆ ಕೈ ಹಾಕಿದರು. "ಬಿಡಿ ಮೇಷ್ಟ್ರೇ," ಎಂದು ಛೇಡಿಸಿದಳು ಅಕ್ಕ, "ನೀವು ಪಾಠದ ಪುಸ್ತಕ ಹೊರೋರು." ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು. ಪೆಟ್ಟಿಗೆ ಮಾತ್ರ ಇಳಿಸಲಿಲ್ಲ.

ಅಧಿಕಾರಿ ಚಿಕ್ಕ ವಯಸ್ಸಿನವರು, ಸೌಮ್ಯರು. ಕಾಗದ ನೋಡಿ, "ಇಷ್ಟು ವರ್ಷ ದುಡಿದಿದ್ದೀರಿ. ವಿಶ್ರಾಂತಿ ತಗೋಬಹುದಲ್ಲ ಅಮ್ಮ?" ಎಂದರು.

"ನಿಮ್ಮ ತಕ್ಕಡಿ ಎಲ್ಲಿದೆ ಸಾರ್?" ಎಂದಳು ಅವಳು.

ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನು ತೋರಿಸಿದರು. ಬೇಕೆಂದೇ ಕೆಡಿಸಿ ಇಟ್ಟದ್ದು. ಕಚೇರಿಯ ಜವಾನ ಎಲ್ಲರಿಗೂ ಚಹಾ ತಂದ. ಅವಳು ಕೈಯಾಡಿಸಿ ಬೇಡವೆಂದಳು. "ನನ್ನದು ನನ್ನ ಹತ್ರ ಇದೆ." ಎಲೆಯಪ್ಪ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿ ಕೊಟ್ಟ. ಕಪ್ಪಗೆ, ಹಾಲಿಲ್ಲದೆ, ಹಬೆಯಾಡುತ್ತಿತ್ತು. ಅವಳು ತಕ್ಕಡಿಯ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು ಅದನ್ನು ಅರ್ಧ ಕುಡಿದಳು. ಆಮೇಲೆ ತಲೆ ಎತ್ತಿದಳು.

"ಸಾರ್, ಫ್ಯಾನ್ ಆರಿಸ್ತೀರಾ?"

ಅಧಿಕಾರಿ ಒಂದು ಕ್ಷಣ ಅವಳನ್ನು ನೋಡಿ, ತಾವೇ ಎದ್ದು ಆರಿಸಿದರು.

ಮುಕ್ಕಾಲು ಗಂಟೆ ಹಿಡಿಯಿತು. ಅವಳು ತಟ್ಟೆಗಳು ತೂಗುವ ಅಡ್ಡಪಟ್ಟಿಯನ್ನು ಬಿಚ್ಚಿ, ಅದು ಕೂರುವ ಚೂಪಾದ ಅಂಚನ್ನು ಒರೆಸಿ, ತುದಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೂರಿಸಿದಳು. ಕೊನೆಗೆ ಮಿಲಿಗ್ರಾಂ ಬಟ್ಟು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡುಬಿಟ್ಟರು, ನೋಡಲಾಗದೆ. ಎಲೆಯಪ್ಪ ನೋಡಿದ. ಚಿಮಟ ತಗಡಿನ ಬಾಗಿದ ಮೂಲೆಯನ್ನು ಹಿಡಿಯಿತು, ಎತ್ತಿತು, ಗಾಳಿಯಲ್ಲಿ ಒಂದು ಗೇಣು ದೂರ ಸಾಗಿತು, ತಟ್ಟೆಯ ನಡುವೆ ಇಳಿಸಿತು. ಚಿಮಟದ ತುದಿ ಅಲುಗಲಿಲ್ಲ. ಅವಳು ಬಟ್ಟುಗಳನ್ನು ಅದಲುಬದಲು ಮಾಡಿದಳು. ಮುಳ್ಳು ಅದೇ ಗೆರೆಗೆ ಬಂದು ನಿಂತಿತು.

ಅಧಿಕಾರಿ ಬಗ್ಗಿ ಮುಳ್ಳು ನೋಡಿದರು, ಮತ್ತೊಮ್ಮೆ ತಾವೇ ತೂಗಿದರು, ಕಾಗದದ ಮೇಲೆ ಒಂದು ವರ್ಷಕ್ಕೆ ಮುದ್ರೆ ಒತ್ತಿದರು. "ಮುಂದಿನ ವರ್ಷ ಮತ್ತೆ ಬರಬೇಕಾಗುತ್ತೆ ಅಮ್ಮ."

"ಬರ್ತೀನಿ. ಆಗ ನಿಮ್ಮ ಕಚೇರಿ ಬಟ್ಟುಗಳನ್ನೂ ನೋಡ್ತೀನಿ. ಐದು ಗ್ರಾಮಿನದು ಸವೆದಿದೆ," ಎಂದಳು ತಕ್ಕಡಿಯಕ್ಕ, ಉಳಿದ ಅರ್ಧ ಲೋಟ ಎತ್ತಿಕೊಳ್ಳುತ್ತ.

ಮೆಟ್ಟಿಲಿಳಿಯುವಾಗ ಮೇಷ್ಟ್ರು, "ನನಗೂ ಸ್ವಲ್ಪ ಕೊಡಿ, ನೋಡೋಣ," ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಬಗ್ಗಿಸಿಕೊಂಡು ಕುಡಿದು ಮುಖ ಕಿವುಚಿದರು. "ಅಬ್ಬಾ, ಕಹಿ! ಇದನ್ನ ಹೇಗಕ್ಕಾ ಕುಡೀತೀಯ?"

"ನೀನು ಹೊಸಿಲ ಹೊರಗಿನವನು ಕಣೋ," ಎಂದಳು ಅಕ್ಕ. ಎರಡನೆಯ ಮಹಡಿಯಲ್ಲಿ ಮೊದಲ ಸಲ ಅವಳಾಗಿಯೇ ಪೆಟ್ಟಿಗೆಯನ್ನು ಭುಜದಿಂದ ಇಳಿಸಿ ತಮ್ಮನ ಕೈಗೆ ಕೊಟ್ಟಳು. "ತಗೋ, ಕೆಳಗಿನ ತನಕ."

ಎಲೆಯಪ್ಪನ ಅಂಗಡಿಯಲ್ಲಿ ಮೇಲಿನ ಸಾಲಿನ ಎರಡನೆಯ ಡಬ್ಬದಲ್ಲಿ ಈಗ ಆ ಎಲೆ ಇದೆ. ಕೇಳಿದವರಿಗೆ ಅವನು ಅದನ್ನು ಅಪ್ಪನ ಕೆಟಲ್‌ನಲ್ಲೇ ಮಾಡಿ ರುಚಿ ತೋರಿಸುತ್ತಾನೆ, ಮುಚ್ಚಳ ಮುಚ್ಚಿ ಏಳು ನಿಮಿಷ ಬಿಟ್ಟು. ತಕ್ಕಡಿಯಕ್ಕನಿಗೆ ಅರವತ್ತೊಂದು. ಈ ವರ್ಷದ ಪರೀಕ್ಷೆಯೂ ಮುಗಿದಿದೆ. ವಾರಕ್ಕೆ ನಾಲ್ಕು ದಿನ ಔಷಧಿ ಅಂಗಡಿಗಳ, ಬೀಜದ ಅಂಗಡಿಗಳ, ಕಾಲೇಜಿನ ತಕ್ಕಡಿಗಳನ್ನು ರಿಪೇರಿ ಮಾಡುತ್ತಾಳೆ, ದಿನಕ್ಕೆ ಮೂರು ಲೋಟ ಕಪ್ಪು ಚಹಾ ಕುಡಿಯುತ್ತಾಳೆ.